ಸಂಗೀತಕ್ಕೊಂದು ಸಬ್‌ವೂಫರ್: ನಾನು ಆರಿಸುವ, ಕೂರಿಸುವ ಬಗೆ

ಕೆಳಸ್ವರಗಳನ್ನಷ್ಟೇ ನುಡಿಸುವ ಸ್ಪೀಕರ್, ಎಂದರೆ ಸಬ್‌ವೂಫರ್ ಬೇಕೆನಿಸಿದಾಗ ನಾನು ಮೊದಲು ಪರೀಕ್ಷಿಸುವುದು ಮನೆಯಲ್ಲಿ ಆಗಲೇ ಇರುವ ಜೋಡಿ ಸ್ಪೀಕರುಗಳನ್ನು. ಅವು ಎಷ್ಟು ಹರ್ಟ್ಸ್‌ವರೆಗೆ (ಸೆಕೆಂಡಿಗೆ ಇಷ್ಟು ಕಂಪನ; ಅಂಕಿ ಕಡಿಮೆಯಾದಷ್ಟೂ ಸ್ವರ ಕೆಳಗೆ) ಗಟ್ಟಿಯಾಗಿ ನುಡಿಯುತ್ತವೆ, ಎಲ್ಲಿ ಕೈಚೆಲ್ಲುತ್ತವೆ ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಐದು ಇಂಚಿನ ವೂಫರ್ (ಕೆಳಸ್ವರ ನುಡಿಸುವ ಘಟಕ) ಇರುವ ಪುಟ್ಟ ಸ್ಪೀಕರ್ ಸಾಮಾನ್ಯವಾಗಿ 55-60 ಹರ್ಟ್ಸ್ ಹತ್ತಿರ ಸುಸ್ತಾಗುತ್ತದೆ. ಅದರ ಕೆಳಗೆ ಸಂಗೀತದಲ್ಲಿ ಏನಿದೆ? ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ 41 ಹರ್ಟ್ಸ್, ಐದು ತಂತಿಯದಾದರೆ 31, ಪಿಯಾನೊದ ಎಡತುದಿಯ ಕೀ 27.5. ತಬಲಾದ ಬಾಯಾ, ಮೃದಂಗದ ತೊಪ್ಪಿ ಇವುಗಳಿಗಿಂತ ಮೇಲೆಯೇ ನುಡಿಯುತ್ತವೆ. ಹಾಗಾಗಿ 30 ಹರ್ಟ್ಸ್‌ವರೆಗೆ ತಿಣುಕದೆ ಇಳಿಯುವ ಸಬ್‌ವೂಫರ್ ನನಗೆ ಸಾಕು. 20ರ ಹಟ ಸಿನಿಮಾದ ಸ್ಫೋಟಗಳಿಗೆ, ದೊಡ್ಡ ಪೈಪ್ ಆರ್ಗನ್ನಿಗೆ.

ವಾಟ್ ಸಂಖ್ಯೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ವಾಟ್ ಇಮ್ಮಡಿಯಾದರೆ ಸಿಗುವುದು ಬರೀ 3 ಡೆಸಿಬೆಲ್ (ಸದ್ದಿನ ಅಳತೆ) ಹೆಚ್ಚಳ. ಅದಕ್ಕಿಂತ ಗಾಳಿ ತಳ್ಳುವ ಕೋನಿನ ಅಳತೆ ಮುಖ್ಯ. ಅಷ್ಟೇ ಸದ್ದಿನಲ್ಲಿ ಒಂದು ಸಪ್ತಕ ಕೆಳಗಿಳಿಯಬೇಕಾದರೆ, ಎಂದರೆ 60ರಿಂದ 30 ಹರ್ಟ್ಸ್‌ಗೆ, ಕೋನು ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. 12 ಇಂಚಿನ ಕೋನಿನ ವಿಸ್ತೀರ್ಣ 8 ಇಂಚಿನದರ ಎರಡು ಪಟ್ಟಿಗೂ ಹೆಚ್ಚು. ಪುಟ್ಟ ಪೆಟ್ಟಿಗೆಯ ಮೇಲೆ 25 ಹರ್ಟ್ಸ್ ಎಂದು ಬರೆದಿದ್ದರೆ ಅಲ್ಲಿ ಸದ್ದು 3 ಡೆಸಿಬೆಲ್ ಕುಸಿದಿರುತ್ತದೋ 10 ಕುಸಿದಿರುತ್ತದೋ ಎಂದು ಹುಡುಕುತ್ತೇನೆ. ಬರೆದಿಲ್ಲದಿದ್ದರೆ ಆ ಅಂಕಿಯನ್ನು ನಂಬುವುದಿಲ್ಲ.

ಮುಚ್ಚಿದ ಪೆಟ್ಟಿಗೆಯೋ, ಗಾಳಿ ಆಡುವ ಕೊಳವೆ, ಎಂದರೆ ಪೋರ್ಟ್ ಇರುವುದೋ? ಮುಚ್ಚಿದ್ದರಲ್ಲಿ ಬೇಸ್ ಸಪ್ತಕಕ್ಕೆ 12 ಡೆಸಿಬೆಲಿನಂತೆ ನಿಧಾನವಾಗಿ ಇಳಿಯುತ್ತದೆ, ಕೋಣೆಯೂ ಕೆಳಸ್ವರಗಳಿಗೆ ಸ್ವಲ್ಪ ಒತ್ತಾಸೆ ಕೊಡುತ್ತದೆ. ಪೋರ್ಟ್ ಇದ್ದರೆ ಅದೇ ಗಾತ್ರದ ಕೋನಿನಿಂದ ಹೆಚ್ಚು ಸದ್ದು ಸಿಗುತ್ತದೆ. ಆದರೆ ಪೋರ್ಟಿನ ಶ್ರುತಿಯಿಂದ ಕೆಳಗೆ 24ರಂತೆ ಧೊಪ್ಪನೆ ಬೀಳುತ್ತದೆ, ಪೋರ್ಟ್ ಕಿರಿದಾಗಿದ್ದರೆ ಗಾಳಿ ಬುಸುಗುಡುತ್ತದೆ. ಮಧ್ಯಮ ಗಾತ್ರದ ಕೋಣೆ, ಮಿತವಾದ ಸದ್ದು ಎಂದಾದರೆ ನನ್ನ ಒಲವು 10 ಅಥವಾ 12 ಇಂಚಿನ ಮುಚ್ಚಿದ ಪೆಟ್ಟಿಗೆಯ ಕಡೆಗೆ. ಫೇಸ್ (ಸಬ್‌ವೂಫರ್ ಮತ್ತು ಸ್ಪೀಕರಿನ ಅಲೆಗಳ ಏರಿಳಿತ ಒಂದಕ್ಕೊಂದು ಕೂಡುವ ಬಗೆ) ಹೊಂದಿಸಲು 0-180 ಡಿಗ್ರಿಯ ಸ್ವಿಚ್ ಮಾತ್ರ ಇದ್ದರೆ ಒಲ್ಲೆ, ತಿರುಗಿಸುವ ಗುಂಡಿಯೇ ಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

"ಬೇಸ್ ನಿಧಾನ, ಬಿಗಿ ಇಲ್ಲ" ಎಂಬ ದೂರಿನಲ್ಲಿ ತಪ್ಪು ಹೆಚ್ಚಿನ ಸಲ ಸಬ್‌ವೂಫರಿನದಲ್ಲ, ಕೋಣೆಯದು. ಎದುರುಬದುರಿನ ಗೋಡೆಗಳ ನಡುವಿನ ಮೊದಲ ಅನುರಣನ ಎಲ್ಲಿದೆ ಎಂದು ತಿಳಿಯಲು 343ನ್ನು (ಸೆಕೆಂಡಿಗೆ ಮೀಟರಿನಲ್ಲಿ ಸದ್ದಿನ ವೇಗ) ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಬೇಕು. ನಾಲ್ಕು ಮೀಟರ್ ಅಂತರಕ್ಕೆ 43 ಹರ್ಟ್ಸ್. ಬೇಸ್ ಗಿಟಾರಿನ ಕೆಳತಂತಿಯ ಮೊದಲ ಮೆಟ್ಟಿನ ಸ್ವರ ಸರಿಯಾಗಿ ಅಲ್ಲೇ ಇದೆ. ಅದೊಂದು ಸ್ವರ ಉಬ್ಬಿ, ನಿಂತ ಮೇಲೂ ಗುಂಯ್‌ಗುಡುತ್ತದೆ. ಪಕ್ಕದ ಸ್ವರಗಳು ಸೊರಗಿರುತ್ತವೆ. ದುಬಾರಿ ಪೆಟ್ಟಿಗೆ ತಂದರೂ ಜಾಗ ಬದಲಾಗದಿದ್ದರೆ ಅದೇ ಗುಂಯ್.

ಜಾಗ ಹುಡುಕಲು ಸಬ್‌ವೂಫರನ್ನು ಕೇಳಲು ಕೂರುವ ಕುರ್ಚಿಯ ಮೇಲೆಯೇ ಇಡುತ್ತೇನೆ. ಬೇಸ್ ಗಿಟಾರ್ ಒಂದೊಂದೇ ಸ್ವರ ಹತ್ತಿ ಇಳಿಯುವ ಧ್ವನಿಮುದ್ರಣ ಹಾಕಿ, ಕಿವಿ ನೆಲದ ಹತ್ತಿರ ಬರುವಂತೆ ಬಾಗಿ ಗೋಡೆಗುಂಟ ಅಂಬೆಗಾಲಿಡುತ್ತೇನೆ. ನೋಡುವವರಿಗೆ ತಮಾಷೆ. ಎಲ್ಲಿ ಎಲ್ಲ ಸ್ವರಗಳೂ ಸರಿಸಮ ಕೇಳುತ್ತವೋ ಅಲ್ಲಿ ಸಬ್‌ವೂಫರ್ ಇಟ್ಟರೆ, ಕುರ್ಚಿಯಲ್ಲೂ ಹಾಗೇ ಕೇಳುತ್ತದೆ. ಮೂಲೆಯಲ್ಲಿ ಸದ್ದು ಅತಿ ಹೆಚ್ಚು, ಆದರೆ ಕೋಣೆಯ ಎಲ್ಲ ಅನುರಣನಗಳೂ ಒಟ್ಟಿಗೆ ಎದ್ದು ಕೂರುತ್ತವೆ. ಮೂಲೆ ಬಿಟ್ಟು ಅರ್ಧ ಮೀಟರ್ ಸರಿಸಿದರೂ ವ್ಯತ್ಯಾಸ ತಿಳಿಯುತ್ತದೆ. ಯಾವ ಜಾಗವೂ ಒಗ್ಗದಿದ್ದರೆ ಒಂದು ದೊಡ್ಡದರ ಬದಲು ಎರಡು ಚಿಕ್ಕವು ಒಳ್ಳೆಯದು. ಒಂದರಲ್ಲಿ ಸೊರಗಿದ ಸ್ವರವನ್ನು ಇನ್ನೊಂದು ತುಂಬುತ್ತದೆ.

ಇನ್ನು ಸಬ್‌ವೂಫರಿಗೂ ಮುಖ್ಯ ಸ್ಪೀಕರುಗಳಿಗೂ ಬೆಸುಗೆ. ಮುಖ್ಯ ಸ್ಪೀಕರಿಗೆ ಕೆಳಸ್ವರ ಹೋಗದಂತೆ ತಡೆಯುವ ವ್ಯವಸ್ಥೆ ಆಂಪ್ಲಿಫೈಯರಿನಲ್ಲಿದ್ದರೆ ಕ್ರಾಸ್‌ಓವರನ್ನು (ಎರಡರ ನಡುವೆ ಸ್ವರಗಳನ್ನು ಹಂಚುವ ಗಡಿ) 80 ಹರ್ಟ್ಸ್‌ನಿಂದ ಶುರು ಮಾಡುತ್ತೇನೆ. ಇಲ್ಲದಿದ್ದರೆ ಸ್ಪೀಕರ್ ತಾನಾಗಿ ಸೋಲುವ 55-60ರಲ್ಲಿ. 100 ದಾಟಿದರೆ ಬೇಸ್ ಎಲ್ಲಿಂದ ಬರುತ್ತಿದೆ ಎಂದು ಕಿವಿ ಪತ್ತೆ ಹಚ್ಚುತ್ತದೆ, ಗಂಡುದನಿ ಮಡಕೆಯೊಳಗಿಂದ ಬಂದಂತೆ ದಪ್ಪವಾಗುತ್ತದೆ. 80 ಹರ್ಟ್ಸ್ ಅಲೆಯ ಉದ್ದ ಸುಮಾರು 4.3 ಮೀಟರ್. ಸಬ್‌ವೂಫರ್ ಮುಖ್ಯ ಸ್ಪೀಕರಿಗಿಂತ ಒಂದು ಮೀಟರ್ ದೂರವಿದ್ದರೆ ಫೇಸ್ ಹತ್ತಿರ ಹತ್ತಿರ 84 ಡಿಗ್ರಿ ತಪ್ಪುತ್ತದೆ. 0-180ರ ಸ್ವಿಚ್ಚಿಗೆ ಇದು ನಿಲುಕುವುದಿಲ್ಲ. ಹೊಂದಿಸಲು ಮುಖ್ಯ ಸ್ಪೀಕರುಗಳ ಪ್ಲಸ್ ಮೈನಸ್ ಎರಡನ್ನೂ ತಾತ್ಕಾಲಿಕವಾಗಿ ಅದಲುಬದಲು ಮಾಡಿ (ಆಂಪ್ಲಿಫೈಯರ್ ಆಫ್ ಮಾಡಿಯೇ), ಕ್ರಾಸ್‌ಓವರಿನ ಆವರ್ತನದ ಒಂದೇ ಸ್ವರ ಹಾಕಿ, ಕುರ್ಚಿಯಲ್ಲಿ ಸದ್ದು ಅತಿ ಕಡಿಮೆ ಆಗುವಷ್ಟು ಗುಂಡಿ ತಿರುಗಿಸಬೇಕು. ಆಮೇಲೆ ತಂತಿಗಳನ್ನು ಮೊದಲಿನಂತೆ ಜೋಡಿಸಿದರೆ ಬೆಸುಗೆ ಸರಿಯಾಗುತ್ತದೆ. ಗರಿಷ್ಠಕ್ಕಿಂತ ಕನಿಷ್ಠವನ್ನು ಕಿವಿ ಬೇಗ ಗುರುತಿಸುತ್ತದೆ.

ಅಳತೆಯ ಮೈಕ್ ಮತ್ತು ಉಚಿತ ತಂತ್ರಾಂಶ ರೂಮ್ ಇಕ್ಯೂ ವಿಝಾರ್ಡ್ ಇದ್ದರೆ ಇದೆಲ್ಲ ಪರದೆಯ ಮೇಲೆ ಕಾಣುತ್ತದೆ. ಒಂದೊಂದು ಆವರ್ತನದ ಸದ್ದನ್ನು ಏರಿಸಿ ಇಳಿಸುವ ಈಕ್ವಲೈಸರಿನಲ್ಲಿ ಉಬ್ಬುಗಳನ್ನಷ್ಟೇ ತಗ್ಗಿಸುತ್ತೇನೆ. ಅಲೆಗಳು ಒಂದನ್ನೊಂದು ನುಂಗಿ ಆದ ತಗ್ಗಿಗೆ ಎಷ್ಟು ಶಕ್ತಿ ಸುರಿದರೂ ತುಂಬದು, ಕೋನಿಗೆ ಮಾತ್ರ ದಂಡ.

ಪುಟ್ಟ ಸ್ಟೀರಿಯೊ ಆಂಪ್ಲಿಫೈಯರಿನಲ್ಲಿ ಸಬ್‌ವೂಫರಿಗೆ ಬೇರೆ ಔಟ್‌ಪುಟ್ ಇಲ್ಲದಿದ್ದರೆ ಸ್ಪೀಕರ್ ತಂತಿಯಿಂದಲೇ ಸಂಕೇತ ಪಡೆಯುವ ಹೈ-ಲೆವೆಲ್ ಇನ್‌ಪುಟ್ ಬೇಕಾಗುತ್ತದೆ. ಕೆಲವು ಕ್ಲಾಸ್ ಡಿ (ಸ್ವಿಚಿಂಗ್ ಬಗೆಯ) ಆಂಪ್ಲಿಫೈಯರುಗಳಲ್ಲಿ ಮೈನಸ್ ತುದಿಯಲ್ಲೂ ಸಂಕೇತವಿರುತ್ತದೆ, ಅದನ್ನು ಸಬ್‌ವೂಫರಿನ ಗ್ರೌಂಡಿಗೆ ಕೊಟ್ಟರೆ ಆಂಪ್ಲಿಫೈಯರ್ ಸುಡಬಹುದು. ಎರಡೂ ಕೈಪಿಡಿ ಓದಿಯೇ ತಂತಿ ಮುಟ್ಟಿ. ಜೋಡಿಸಿದ ಮೇಲೆ ಸಣ್ಣಗೆ ಗುಂಯ್ ಎಂದರೆ ಎರಡೂ ಉಪಕರಣಗಳನ್ನು ಒಂದೇ ಪ್ಲಗ್ ಹಲಗೆಗೆ ಹಾಕಿ ನೋಡಿ. ಆಗಲೂ ಹೋಗದಿದ್ದರೆ ಸಂಕೇತದ ತಂತಿಗೆ, ಎರಡು ಉಪಕರಣಗಳ ಗ್ರೌಂಡಿನ ನೇರ ಕೊಂಡಿ ತಪ್ಪಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಅರ್ತ್ ಪಿನ್ ಮಾತ್ರ ಎಂದೂ ತೆಗೆಯಬೇಡಿ.