ಹೇರುಗುದುರೆಯ ಬೆನ್ನು ಉಳಿಸಿದ್ದು

ದೀಪಾವಳಿ ಮುಗಿಸಿ ಗೋಕಾಕದ ಕಡೆಯಿಂದ ಕುರಿ ಹೊಡೆದುಕೊಂಡು ಹೊರಟವರು ರೋಹಿಣಿ ಮಳೆಗೆ ಹಿಂತಿರುಗಿದಾಗ, ದಾರಿಯುದ್ದಕ್ಕೂ ಸಾಮಾನು ಹೊತ್ತ ನನ್ನ ಕುದುರೆಯ ಬೆನ್ನಿನ ಕೂದಲು ಒಂದಿಷ್ಟೂ ಸವೆದಿರಲಿಲ್ಲ. ‘ಹೇರುಗುದುರೆ ಎಂದ ಮೇಲೆ ಹುಣ್ಣು ಇದ್ದದ್ದೇ’ ಎನ್ನುತ್ತಿದ್ದ ಸೋದರಮಾವ ಬೆನ್ನ ಮೇಲೆ ಕೈಯಾಡಿಸಿ ನೋಡಿ, ಏನೂ ಹೇಳದೆ ಎಲೆ ಅಡಿಕೆ ಹಾಕಿಕೊಂಡ.

ಹಿಂದಿನ ಎರಡು ವರ್ಷ ಪಟ್ಟ ಪಾಡು ನನಗೇ ಗೊತ್ತು. ಹದಿನೆಂಟು ಸಾವಿರವೋ ಹತ್ತೊಂಬತ್ತೋ ಕೊಟ್ಟು ತಂದ ಹೆಣ್ಣು ಕುದುರೆ ಬೈಲಹೊಂಗಲ ದಾಟುವಷ್ಟರಲ್ಲಿ ಹೆಗಲ ದಿಬ್ಬದ ಮೇಲೆ ಅಂಗೈಯಗಲ ಗಾಯ ಮಾಡಿಕೊಂಡಿತು. ಬೇವಿನೆಣ್ಣೆ, ಅರಿಶಿನ, ಕೊನೆಗೆ ಡಾಕ್ಟರ ಸೂಜಿ ಎಂದು ಮೂರು ಸಾವಿರ ಹೋಯಿತು. ಕುದುರೆ ಹೊರಲಾರದ ಸಾಮಾನಿಗೆ ಟೆಂಪೊ ಮಾಡಿ, ಅದರ ಬಾಡಿಗೆಗೆ ಹೋದದ್ದು ಅದಕ್ಕಿಂತ ಹೆಚ್ಚು. ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿದ್ದಕ್ಕೆ ರೈತ ಕೊಟ್ಟ ದುಡ್ಡೆಲ್ಲ ಟೆಂಪೊದವನ ಕೈಸೇರಿತು. ಅವನಾದರೋ ಸಾಮಾನನ್ನು ರಸ್ತೆಯಲ್ಲೇ ಇಳಿಸಿ ಹೊರಡುತ್ತಿದ್ದ.

ತಪ್ಪು ಹೇರಿನ ಕೆಳಗೆ ಕುದುರೆಯ ಬೆನ್ನಿಗೆ ಹಾಕುವ ದಿಂಬಿನದು ಎಂದುಕೊಂಡೆ. ಹೊಟ್ಟು ತುಂಬಿದರೆ ನಾಲ್ಕೇ ದಿನಕ್ಕೆ ಚಪ್ಪಟೆಯಾಯಿತು. ಹಾಸಿಗೆ ಅಂಗಡಿಯ ಫೋಮ್ ಹಾಕಿದರೆ ಬೆವರಿಗೆ ಚರ್ಮ ಬೆಂದಿತು. ಕಡೆಗೆ ಗಟ್ಟಿ ನಿಂತದ್ದು ನಮ್ಮದೇ ದಖನಿ ಕುರಿಯ ಒರಟು ಉಣ್ಣೆ. ಎರಡು ಉದ್ದ ದಿಂಬು, ನಡುವೆ ನಾಲ್ಕು ಬೆರಳು ಖಾಲಿ, ಬೆನ್ನುಮೂಳೆಗೆ ಏನೂ ತಾಗಬಾರದು. ಉಣ್ಣೆಯ ಜತೆ ಇನ್ನೊಂದನ್ನು ಬೆರೆಸುತ್ತೇನೆ. ಅದು ಏನೆಂದು ಇಲ್ಲಿ ಬರೆಯುವುದಿಲ್ಲ.

ಅಷ್ಟಾದರೂ ಎಡಗಡೆ ಮತ್ತೆ ಕೆಂಪಾಯಿತು. ಒಂದು ಬೆಳಿಗ್ಗೆ ಹೇರು ಕಟ್ಟಿ ದೂರ ನಿಂತು ನೋಡಿದೆ. ಎಡ ಚೀಲದಿಂದ ಮೂರು ಮರಿಗಳು ತಲೆ ಹೊರಹಾಕಿದ್ದವು, ಬಲಕ್ಕೆ ಪಾತ್ರೆ ಮತ್ತು ಎರಡು ಕೋಳಿ. ರಾತ್ರಿ ಹುಟ್ಟಿದ ಮರಿಗಳನ್ನು ಹೆಂಡತಿ ಕೈಗೆ ಸಿಕ್ಕ ಚೀಲಕ್ಕೆ ಹಾಕಿದ್ದಳು. ನಾನೂ ಹಾಗೆಯೇ ಹಾಕುತ್ತಿದ್ದವನು. ಹೇರು ವಾಲಿ, ಹಗ್ಗ ಒಂದೇ ಕಡೆ ಉಜ್ಜುತ್ತಿತ್ತು.

ಇನ್ನೂರು ರೂಪಾಯಿಗೆ ಕೊಕ್ಕೆ ತಕ್ಕಡಿ ತಂದೆ. ದಿನವೂ ಎರಡೂ ಚೀಲ ತೂಗುತ್ತೇನೆ, ಅರ್ಧ ಕಿಲೋ ಹೆಚ್ಚುಕಡಿಮೆಯಾದರೆ ಹಿಟ್ಟಿನ ಗಂಟು ಆಚೆಯಿಂದ ಈಚೆಗೆ ಬರುತ್ತದೆ. ಒಟ್ಟು ಐವತ್ತು ಕಿಲೋ ದಾಟಿಸುವುದಿಲ್ಲ. ‘ಕಿರಾಣಿ ಅಂಗಡಿ ಇಟ್ಟೆಯಾ?’ ಎಂದು ನಕ್ಕವರು ಎಷ್ಟೋ ಜನ.

ನಡುವೆ ಒಂದು ಕತ್ತೆಯನ್ನೂ ತಂದು ನೋಡಿದ್ದೆ. ಹಳ್ಳದ ನೀರು ಕಂಡರೆ ಅಲ್ಲೇ ನಿಂತುಬಿಡುತ್ತಿತ್ತು. ಸಾವಿರ ನಷ್ಟಕ್ಕೆ ಮಾರಿದೆ. ಹುರುಳಿ ನೆನೆಸಿ ಕೊಟ್ಟದ್ದು ಮಾತ್ರ ಕುದುರೆಗೆ ಚೆನ್ನಾಗಿ ಹಿಡಿಯಿತು.

ಮೊನ್ನೆ ಮಾವ ತನ್ನ ಕುದುರೆಯ ಅಳತೆಗೊಂದು ದಿಂಬು ಹೊಲಿದು ಕೊಡು ಎಂದ. ಎಂಟುನೂರು ಹೇಳಿದ್ದೇನೆ, ಉಣ್ಣೆ ಅವನದೇ.