ಬಾಸ್ ಗುಡುಗುತ್ತಿದ್ದರೆ ಡ್ಯಾಕ್ ಬದಲಿಸಬೇಡಿ, ಕೋಣೆ ಅಳೆಯಿರಿ

ಒಳ್ಳೆಯ ಸ್ಪೀಕರ್, ಒಳ್ಳೆಯ ಆಂಪ್ಲಿಫಯರ್, ಜೊತೆಗೆ ಹೈ-ರೆಸ್ (ಸಿಡಿಗಿಂತ ಹೆಚ್ಚಿನ ಗುಣಮಟ್ಟದ) ಹಾಡುಗಳ ಚಂದಾ. ಇಷ್ಟಿದ್ದೂ ಬಾಸ್ ಗಿಟಾರ್‌ನ ಒಂದು ಸ್ವರ ಕಿಟಕಿ ಅದುರಿಸುತ್ತದೆ, ಪಕ್ಕದ ಸ್ವರ ಎಲ್ಲೋ ಮಾಯವಾಗಿರುತ್ತದೆ. ಆಗ ಬಹುತೇಕರು ಮೊದಲು ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫಯರ್‌ಗೆ ಬೇಕಾದ ಅನಲಾಗ್ ಸಂಕೇತವಾಗಿಸುವ ಸಾಧನ) ಬದಲಿಸುತ್ತಾರೆ, ಆಮೇಲೆ ಕೇಬಲ್, ಕೊನೆಗೆ ಸ್ಪೀಕರನ್ನೇ. ಗುಡುಗು ಮಾತ್ರ ಹಾಗೇ ಉಳಿಯುತ್ತದೆ, ಏಕೆಂದರೆ ಅದು ಹುಟ್ಟುವುದು ಕೋಣೆಯಲ್ಲಿ. ಸ್ಟ್ರೀಮರ್ (ಇಂಟರ್‌ನೆಟ್‌ನಿಂದ ಹಾಡು ತಂದು ಡ್ಯಾಕ್‌ಗೆ ಕೊಡುವ ಸಾಧನ) ಜೋಡಿಸುವುದು ಒಂದು ಸಂಜೆಯ ಕೆಲಸ. ಅದೇ ಸ್ಟ್ರೀಮರ್‌ನೊಳಗೆ ಕೋಣೆಯ ಬಾಸ್ ತಿದ್ದುವುದಕ್ಕೆ ಒಂದು ವಾರಾಂತ್ಯ ಬೇಕು. ಜನ ಎಡವುವುದು ಎರಡನೆಯದರಲ್ಲಿ, ಹಾಗಾಗಿ ಇಲ್ಲಿ ಅದಕ್ಕೇ ಹೆಚ್ಚು ಜಾಗ.

ಹಂತ 1: ಸ್ಟ್ರೀಮರ್

ಬೇಕಾದದ್ದು ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ (2 ಜಿಬಿ ಸಾಕು), 16 ಜಿಬಿಯ ಮೈಕ್ರೊ ಎಸ್‌ಡಿ ಕಾರ್ಡ್, ಒಂದು ಯುಎಸ್‌ಬಿ ಡ್ಯಾಕ್, ಒಂದು ನೆಟ್‌ವರ್ಕ್ ಕೇಬಲ್. ಪೈಯನ್ನು ಸ್ಟ್ರೀಮರ್ ಆಗಿಸುವ ಮೂಡ್ ಆಡಿಯೊ (moOde) ತಂತ್ರಾಂಶವನ್ನು ಕಾರ್ಡಿಗೆ ಬರೆದು, ಪೈಗೆ ಹಾಕಿ, ಫೋನಿನ ಬ್ರೌಸರ್‌ನಲ್ಲಿ ತೆರೆದರೆ ಮುಗಿಯಿತು. ಹಳೆಯ ಪೈ 3 ಮನೆಯಲ್ಲಿದ್ದರೆ ಅದೂ ನಡೆಯುತ್ತದೆ. ಆದರೆ ಅದರಲ್ಲಿ ನೆಟ್‌ವರ್ಕ್ ಮತ್ತು ನಾಲ್ಕೂ ಯುಎಸ್‌ಬಿ ಕಿಂಡಿಗಳು ಒಂದೇ ಯುಎಸ್‌ಬಿ 2.0 ದಾರಿಯನ್ನು ಹಂಚಿಕೊಳ್ಳುತ್ತವೆ. ಹೈ-ರೆಸ್ ಹಾಡಿನಲ್ಲಿ ಆಗಾಗ ಚಿಟಿಕೆ ಸದ್ದು ಬಂದರೆ ಮೊದಲ ಅನುಮಾನ ಅದರ ಮೇಲಿರಲಿ.

ಪವರ್ ಅಡಾಪ್ಟರ್‌ನಲ್ಲಿ ಜಿಪುಣತನ ಬೇಡ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಬೇಕು. ಡ್ರಾಯರ್‌ನಲ್ಲಿ ಬಿದ್ದಿದ್ದ ಫೋನ್ ಚಾರ್ಜರ್ ಮತ್ತು ಅದರ ಸಣಕಲು ಕೇಬಲ್ ಸಿಕ್ಕಿಸಿದರೆ ಭಾರ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ, 4.63ಕ್ಕಿಂತ ಕೆಳಗಿಳಿದರೆ ಪೈ ತಾನೇ ಎಚ್ಚರಿಕೆ ದಾಖಲಿಸುತ್ತದೆ. ‘ಡ್ಯಾಕ್ ಆಗಾಗ ಕಾಣೆಯಾಗುತ್ತದೆ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಪೈಯನ್ನು ಆರಿಸುವುದು ಪರದೆಯ ಮೇಲಿನ ಶಟ್‌ಡೌನ್‌ನಿಂದ. ಗೋಡೆಯ ಸ್ವಿಚ್‌ನಿಂದ ಆರಿಸುತ್ತಾ ಹೋದರೆ ಒಂದು ದಿನ ಕಾರ್ಡ್ ಕೆಡುತ್ತದೆ.

‘ಆಡಿಯೊಫೈಲ್’ ಯುಎಸ್‌ಬಿ ಕೇಬಲ್, ‘ಆಡಿಯೊಫೈಲ್’ ನೆಟ್‌ವರ್ಕ್ ಸ್ವಿಚ್: ಎರಡಕ್ಕೂ ಒಂದು ಪೈಸೆ ಖರ್ಚು ಮಾಡಬೇಡಿ. ಆ ದುಡ್ಡಿಗೆ ಮುಂದೆ ಹೇಳುವ ಮೈಕ್ ಬರುತ್ತದೆ.

ಹಂತ 2: ದಾರಿಯಲ್ಲಿ ಯಾರೂ ಕೈ ಹಾಕದಂತೆ

ಹಾಡು ಸೇವೆಯಿಂದ ಡ್ಯಾಕ್ ತಲುಪುವ ತನಕ ಅದನ್ನು ಬದಲಿಸುವ ಎಲ್ಲವನ್ನೂ ಸದ್ಯಕ್ಕೆ ಆಫ್ ಮಾಡಿ: ರೀಸ್ಯಾಂಪ್ಲಿಂಗ್ (ಸ್ಯಾಂಪಲ್ ದರ, ಅಂದರೆ ಹಾಡಿನಲ್ಲಿ ಸೆಕೆಂಡಿಗೆ ಎಷ್ಟು ಮಾದರಿ ಎಂಬುದನ್ನು, ಬದಲಿಸುವುದು), ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವುದು), ಆ್ಯಪ್‌ನೊಳಗಿನ ಈಕ್ವಲೈಜರ್, ವಾಲ್ಯೂಮ್ ನಾರ್ಮಲೈಸೇಶನ್ (ಎಲ್ಲ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವುದು). ಆ್ಯಪ್‌ನಲ್ಲಿ ವೈಫೈಗೊಂದು, ಮೊಬೈಲ್ ಡೇಟಾಗೊಂದು ಗುಣಮಟ್ಟದ ಆಯ್ಕೆ ಇರುತ್ತದೆ. ಒಂದನ್ನು ಏರಿಸಿ ಇನ್ನೊಂದನ್ನು ಮರೆಯುವವರೇ ಹೆಚ್ಚು.

ಫೋನಿನಿಂದ ಬ್ಲೂಟೂತ್ ಮೂಲಕ ಕಳಿಸಬೇಡಿ. ಸಾಮಾನ್ಯ ಎಸ್‌ಬಿಸಿ ಕೊಡೆಕ್ ಸೆಕೆಂಡಿಗೆ ಸುಮಾರು 328 ಕಿಲೊಬಿಟ್‌ಗೆ ಹಾಡನ್ನು ಮತ್ತೊಮ್ಮೆ ಹಿಂಡುತ್ತದೆ. ಸಿಡಿ ಗುಣಮಟ್ಟವೆಂದರೆ 1,411. ಸ್ಟ್ರೀಮರ್ ತಾನೇ ಸೇವೆಯಿಂದ ಹಾಡು ಎಳೆದುಕೊಳ್ಳುವ ‘ಕನೆಕ್ಟ್’ ಬಗೆಯ ವ್ಯವಸ್ಥೆ ಬಳಸಿ. ಆಗ ಫೋನು ಬರೀ ರಿಮೋಟ್.

ಪರೀಕ್ಷೆ ಸರಳ. 44.1 ಕಿಲೊಹರ್ಟ್ಸ್‌ನ ಒಂದು ಹಾಡು, 96 ಕಿಲೊಹರ್ಟ್ಸ್‌ನ ಇನ್ನೊಂದು ಹಾಡು ನುಡಿಸಿ, ಡ್ಯಾಕ್‌ನ ಪರದೆಯನ್ನೋ ಮೂಡ್‌ನ ಆಡಿಯೊ ಮಾಹಿತಿ ಪುಟವನ್ನೋ ನೋಡಿ. ಅಂಕಿ ಬದಲಾಗಬೇಕು. ಯಾವ ಹಾಡಿಗೂ 48 ಎಂದೇ ತೋರಿಸುತ್ತಿದ್ದರೆ ಎಲ್ಲೋ ರೀಸ್ಯಾಂಪ್ಲಿಂಗ್ ಇನ್ನೂ ನಡೆಯುತ್ತಿದೆ.

ವಾಲ್ಯೂಮ್ ಗುಬುಟು ಇರುವ ಆಂಪ್ಲಿಫಯರ್ ಆದರೆ ಸ್ಟ್ರೀಮರನ್ನು 100ಕ್ಕೆ ಬಿಗಿದು ಆಂಪ್ಲಿಫಯರ್‌ನಲ್ಲೇ ಏರಿಸಿ ಇಳಿಸಿ. ಬಿಗಿಯುವ ಮೊದಲು ಗುಬುಟನ್ನು ಪೂರ್ತಿ ಎಡಕ್ಕೆ ತಿರುಗಿಸಿರಿ, ಇಲ್ಲದಿದ್ದರೆ ಮೊದಲ ಹಾಡಿಗೇ ಟ್ವೀಟರ್ (ಸ್ಪೀಕರ್‌ನಲ್ಲಿ ಮೇಲಿನ ಸ್ವರ ನುಡಿಸುವ ಭಾಗ) ಹೋದೀತು.

ಹಂತ 3: ಮೊದಲು ಟೇಪು, ಆಮೇಲೆ ಮೈಕ್

ಕೋಣೆಯ ಉದ್ದ, ಅಗಲ, ಎತ್ತರ ಅಳೆಯಿರಿ. 343 ಅನ್ನು (ಅದು ಸದ್ದಿನ ವೇಗ, ಸೆಕೆಂಡಿಗೆ ಮೀಟರ್‌ಗಳಲ್ಲಿ) ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ದಿಕ್ಕಿನ ಮೊದಲ ಅನುರಣನೆ, ಅಂದರೆ ಎರಡು ಗೋಡೆಗಳ ನಡುವೆ ಸದ್ದು ಉಬ್ಬುವ ಕಂಪನಾಂಕ, ಸಿಗುತ್ತದೆ. 4.2 ಮೀಟರ್ ಉದ್ದಕ್ಕೆ 41 ಹರ್ಟ್ಸ್, 3.3 ಮೀಟರ್ ಅಗಲಕ್ಕೆ 52 ಹರ್ಟ್ಸ್. ನಾಲ್ಕು ತಂತಿಯ ಬಾಸ್ ಗಿಟಾರ್‌ನ ಅತಿ ಕೆಳಗಿನ ತಂತಿ ಬಿಡಿಯಾಗಿ ನುಡಿಯುವುದೂ 41 ಹರ್ಟ್ಸ್‌ನಲ್ಲೇ. ಒಂದೇ ಸ್ವರ ಯಾಕೆ ಗುಡುಗುತ್ತದೆ ಎಂಬುದಕ್ಕೆ ಉತ್ತರ ಟೇಪಿನಲ್ಲೇ ಇದೆ.

ಹೀಗೆ ಅನುರಣಿಸುವ ಅಲೆಯ ಒತ್ತಡ ಗೋಡೆಯ ಬುಡದಲ್ಲಿ ಅತಿ ಹೆಚ್ಚು, ನಡುವೆ ಅತಿ ಕಡಿಮೆ. ಸೋಫಾ ಹಿಂಗೋಡೆಗೆ ಅಂಟಿದ್ದರೆ ಬಾಸ್ ಮೈಮೇಲೆ ಬೀಳುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಮಾಯವಾಗುತ್ತದೆ. ಹಿಂಗೋಡೆಯಿಂದ ಉದ್ದದ ಶೇ 38ರಷ್ಟು ದೂರದಲ್ಲಿ ಕೂರುವುದು ಒಳ್ಳೆಯ ಆರಂಭ. ಅಷ್ಟು ಜಾಗ ಇಲ್ಲವೇ? ಸೋಫಾವನ್ನು 40 ಸೆಂಟಿಮೀಟರ್ ಮುಂದೆ ಎಳೆದರೂ ವ್ಯತ್ಯಾಸ ಕೇಳಿಸುತ್ತದೆ.

ಸ್ಪೀಕರ್ ವಿಷಯದಲ್ಲಿ ‘ಗೋಡೆಯಿಂದ ಒಂದು ಮೀಟರ್ ದೂರ ಇಡಿ’ ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಚಿಕ್ಕ ಕೋಣೆಯಲ್ಲಿ ಅದನ್ನು ಕೇಳಬೇಡಿ. ಸ್ಪೀಕರ್‌ನ ಹಿಂದಿನ ಗೋಡೆಗೆ ಹೋಗಿ ಮರಳಿದ ಬಾಸ್, ನೇರ ಬಂದ ಬಾಸನ್ನು ಒಂದು ಕಂಪನಾಂಕದಲ್ಲಿ ಕೊಂದುಹಾಕುತ್ತದೆ. 343 ಅನ್ನು ದೂರದ ನಾಲ್ಕರಷ್ಟರಿಂದ ಭಾಗಿಸಿದರೆ ಆ ಕಂಪನಾಂಕ ಸಿಗುತ್ತದೆ. ಒಂದು ಮೀಟರ್‌ಗೆ 86 ಹರ್ಟ್ಸ್, ಅಂದರೆ ಬಾಸ್‌ನ ಹೊಟ್ಟೆಗೇ ಏಟು. ಗೋಡೆಗೆ ಒತ್ತಿ, ಮುಂಭಾಗದಿಂದ ಗೋಡೆಗೆ 25 ಸೆಂಟಿಮೀಟರ್ ಉಳಿಸಿದರೆ ಅದೇ ಹೊಂಡ 343 ಹರ್ಟ್ಸ್‌ಗೆ ಸರಿಯುತ್ತದೆ. ಅಲ್ಲಿ ಅದರ ಉಪದ್ರವ ಕಡಿಮೆ, ಗೋಡೆಯ ಮೇಲೆ 10 ಸೆಂಟಿಮೀಟರ್ ದಪ್ಪದ, ಸದ್ದು ಹೀರುವ ಹಲಗೆ ಹಾಕಿದರೂ ಉಪಯೋಗವಾಗುತ್ತದೆ. ಗೋಡೆ ಹತ್ತಿರವಾದಾಗ ಒಟ್ಟು ಬಾಸ್ ಏರುತ್ತದೆ ನಿಜ. ಆದರೆ ಏರಿದ್ದನ್ನು ಫಿಲ್ಟರ್‌ನಲ್ಲಿ (ಬೇಕಾದ ಕಂಪನಾಂಕದ ಮಟ್ಟವನ್ನಷ್ಟೇ ಬದಲಿಸುವ ಡಿಜಿಟಲ್ ಲೆಕ್ಕ) ಇಳಿಸಬಹುದು, ಸತ್ತದ್ದನ್ನು ಎಬ್ಬಿಸಲಾಗದು. ಹಿಂಬದಿಯಲ್ಲಿ ಪೋರ್ಟ್ (ಬಾಸ್ ಹೆಚ್ಚಿಸುವ ಗಾಳಿಯ ರಂಧ್ರ) ಇರುವ ಸ್ಪೀಕರ್‌ಗೆ ಅದರ ರಂಧ್ರದ ವ್ಯಾಸಕ್ಕಿಂತ ಹೆಚ್ಚು ಸಂದು ಬಿಡಿ, ಅಷ್ಟೇ.

ಮೂಲೆಗೆ ಅಂಟಿಸುವ ತೆಳು ಸ್ಪಂಜನ್ನು ‘ಬಾಸ್ ಟ್ರ್ಯಾಪ್’ ಹೆಸರಲ್ಲಿ ಮಾರುತ್ತಾರೆ. 40 ಹರ್ಟ್ಸ್ ಅಲೆಯ ಉದ್ದ ಎಂಟೂವರೆ ಮೀಟರ್. ಅಂಗೈ ದಪ್ಪದ ಸ್ಪಂಜು ಅದನ್ನು ತಡೆಯುವುದೆಂದರೆ ಜರಡಿಯಲ್ಲಿ ನೀರು ಹಿಡಿದ ಹಾಗೆ.

ಹಂತ 4: ಅಳತೆ

ಯುಮಿಕ್-1ರಂಥ ಯುಎಸ್‌ಬಿ ಅಳತೆ ಮೈಕ್, ಸ್ಟ್ಯಾಂಡ್, ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಜಾರ್ಡ್ ತಂತ್ರಾಂಶ. ಫೋನಿನ ಮೈಕ್ ಬೇಡವೇ ಬೇಡ. ಅದು ಮಾತಿಗಾಗಿ ಮಾಡಿದ್ದು: ಗಾಳಿಸದ್ದು ಕಳೆಯಲು ಬಾಸ್ ಕತ್ತರಿಸುತ್ತದೆ, ಸದ್ದಿನ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತದೆ. ಒಂದೇ ಗುಂಡಿಯಲ್ಲಿ ಕೋಣೆ ತಿದ್ದುತ್ತೇವೆ ಎನ್ನುವ ಫೋನ್ ಆ್ಯಪ್‌ಗಳು ಬಾಸ್‌ನಲ್ಲಿ ಎಡವುವುದು ಇಲ್ಲಿಯೇ.

ಯುಮಿಕ್‌ನ ಪ್ರತಿ ಮೈಕ್‌ಗೂ ಅದರ ಕ್ರಮಸಂಖ್ಯೆಗೆ ತಕ್ಕ ತಿದ್ದುಪಡಿ ಕಡತ ಸಿಗುತ್ತದೆ, ಅದೂ ಎರಡು: ಮೈಕನ್ನು ಸ್ಪೀಕರ್ ಕಡೆ ತಿರುಗಿಸಿದರೆ 0 ಡಿಗ್ರಿಯದು, ಸೂರಿನ ಕಡೆ ನಿಲ್ಲಿಸಿದರೆ 90 ಡಿಗ್ರಿಯದು. ಬಾಸ್‌ಗೆ ಎರಡೂ ಒಂದೇ. ಆದರೆ ಕಡತ ಅದಲುಬದಲಾದರೆ ಮೇಲಿನ ಕಂಪನಾಂಕಗಳ ಗೆರೆ ಸುಳ್ಳು ಹೇಳುತ್ತದೆ.

ಮೈಕ್‌ನ ತುದಿ ನಿಮ್ಮ ಕಿವಿ ಇರುವ ಎತ್ತರದಲ್ಲಿ, ತಲೆ ಇರುವ ಜಾಗದಲ್ಲಿ ನಿಲ್ಲಲಿ. ಕೈಯಲ್ಲಿ ಹಿಡಿಯಬೇಡಿ, ಸೋಫಾದ ಬೆನ್ನಿಗೆ ಒರಗಿಸಲೂಬೇಡಿ. ನೀವು ಪಕ್ಕಕ್ಕೆ ಸರಿಯಿರಿ. ಫ್ಯಾನ್, ಎಸಿ, ಫ್ರಿಜ್ ಆರಲಿ. ಅವುಗಳ ಗೊರಗೊರ ಬೀಳುವುದೂ ಕೆಳಗಿನ ಕಂಪನಾಂಕಗಳಲ್ಲೇ.

ಲ್ಯಾಪ್‌ಟಾಪನ್ನು ನೇರ ಆಂಪ್ಲಿಫಯರ್‌ಗೆ ಜೋಡಿಸಿ ಅಳೆಯುವುದು ಅಡ್ಡದಾರಿ. ನೀವು ಹಾಡು ಕೇಳುವುದು ಸ್ಟ್ರೀಮರ್‌ನಿಂದ ತಾನೇ? ಸ್ವೀಪ್ ಸದ್ದನ್ನು (ಕೆಳಗಿನ ಕಂಪನಾಂಕದಿಂದ ಮೇಲಿನದಕ್ಕೆ ಏರುವ ಪರೀಕ್ಷಾ ಸದ್ದು) 48 ಕಿಲೊಹರ್ಟ್ಸ್‌ನ ಕಡತವಾಗಿ ಉಳಿಸಿಕೊಂಡು (ಯುಮಿಕ್-1 ಕೆಲಸ ಮಾಡುವುದೂ 48ರಲ್ಲೇ), ಸ್ಟ್ರೀಮರ್‌ನ ಸಂಗ್ರಹಕ್ಕೆ ಹಾಕಿ, ತಂತ್ರಾಂಶದಲ್ಲಿ ‘ಕಡತದಿಂದ ನುಡಿಸುವ’ ಆಯ್ಕೆ ಆರಿಸಿ. ಕಾಲಸೂಚಕ ಚಿಲಿಪಿಲಿ ಸದ್ದನ್ನೂ ಕಡತಕ್ಕೆ ಸೇರಿಸಿರಬೇಕು. ಅದು ಕೇಳಿಸಿದ ಕೂಡಲೇ ಅಳತೆ ತಾನೇ ಶುರುವಾಗುತ್ತದೆ. ಸ್ವೀಪ್‌ನ ಉದ್ದ 512ಕೆ ಇರಲಿ, ಅಂದರೆ ಸುಮಾರು 11 ಸೆಕೆಂಡ್. ಮಟ್ಟ ಕೇಳುವ ಜಾಗದಲ್ಲಿ ಸುಮಾರು 75 ಡೆಸಿಬೆಲ್.

ಎಡ ಸ್ಪೀಕರ್ ಒಂದು ಸಲ, ಬಲ ಒಂದು ಸಲ, ಎರಡೂ ಸೇರಿ ಒಂದು ಸಲ. ಬಳಿಕ ಮೈಕನ್ನು ಆಚೀಚೆ, ಹಿಂದೆ ಮುಂದೆ, ಮೇಲೆ ಕೆಳಗೆ 20–30 ಸೆಂಟಿಮೀಟರ್ ಸರಿಸುತ್ತಾ ಕನಿಷ್ಠ ಐದು ಜಾಗದಲ್ಲಿ ಮತ್ತೆ ಅಳೆದು ಸರಾಸರಿ ತೆಗೆಯಿರಿ. ಒಂದೇ ಬಿಂದುವಿನಲ್ಲಿ ಅಳೆದು ಫಿಲ್ಟರ್ ಬರೆದರೆ ತಲೆ ಅಲ್ಲಾಡಿಸಿದಾಗಲೆಲ್ಲ ಸದ್ದು ಬದಲಾಗುವ ವ್ಯವಸ್ಥೆ ಸಿಗುತ್ತದೆ.

ಎಡ, ಬಲ ಬೇರೆಬೇರೆಯಾಗಿ ಚೆನ್ನಾಗಿದ್ದು ಎರಡೂ ಸೇರಿದಾಗ ಬಾಸ್ ಪೂರ್ತಿ ಕುಸಿದರೆ ಒಂದು ಸ್ಪೀಕರ್‌ನ ಕೆಂಪು-ಕಪ್ಪು ತಂತಿ ಅದಲುಬದಲಾಗಿದೆ. ಸರಿಪಡಿಸಿ ಮತ್ತೆ ಅಳೆಯಿರಿ.

ಹಂತ 5: ಗೆರೆ ಓದುವುದು, ಫಿಲ್ಟರ್ ಬರೆಯುವುದು

ಲಂಬ ಅಕ್ಷವನ್ನು 45ರಿಂದ 105 ಡೆಸಿಬೆಲ್‌ಗೆ ಹೊಂದಿಸಿ. ಹೆಚ್ಚು ಹಿಗ್ಗಿಸಿದರೆ ಒಳ್ಳೆಯ ಕೋಣೆಯೂ ಹಿಮಾಲಯವಾಗುತ್ತದೆ, ಕುಗ್ಗಿಸಿದರೆ ಕೆಟ್ಟ ಕೋಣೆಯೂ ಬಯಲಾಗುತ್ತದೆ. ಸ್ಮೂಥಿಂಗ್ (ಗೆರೆಯ ಏರಿಳಿತ ನಯಗೊಳಿಸುವುದು) 1/24 ಸಾಕು; 1/3ರಲ್ಲಿ ಬಾಸ್‌ನ ಉಬ್ಬುಗಳೆಲ್ಲ ಕರಗಿಹೋಗುತ್ತವೆ.

ತಿದ್ದುವುದು 20ರಿಂದ 250–300 ಹರ್ಟ್ಸ್‌ವರೆಗೆ ಮಾತ್ರ. ಸಾಮಾನ್ಯ ಗಾತ್ರದ ಕೋಣೆಯಲ್ಲಿ ಅದರ ಮೇಲೆ ನೀವು ಕೇಳುವುದು ಹೆಚ್ಚಾಗಿ ಸ್ಪೀಕರ್‌ನ ಸ್ವಭಾವ. ಅಲ್ಲಿಯ ಪ್ರತಿ ಸಣ್ಣ ಏರಿಳಿತವನ್ನೂ ನೆಟ್ಟಗೆ ಮಾಡಹೊರಟರೆ ಧ್ವನಿ ಸತ್ತಂತಾಗುತ್ತದೆ. ‘20ರಿಂದ 20,000ದವರೆಗೆ ಸಪಾಟು’ ಎಂದು ಹಾಕುವ ಚಿತ್ರಗಳನ್ನು ನೋಡಿ ಮರುಳಾಗಬೇಡಿ.

ಉಬ್ಬನ್ನು ಇಳಿಸಿ, ಹೊಂಡವನ್ನು ತುಂಬಬೇಡಿ. ಹತ್ತರಲ್ಲಿ ಎಂಟು ಜನ ಮುಗ್ಗರಿಸುವುದು ಇಲ್ಲೇ. 86 ಹರ್ಟ್ಸ್‌ನಲ್ಲಿ 12 ಡೆಸಿಬೆಲ್‌ನ ಚೂಪು ಹೊಂಡ ಇದೆ ಎನ್ನೋಣ. ಅದು ಎರಡು ಅಲೆಗಳು ಒಂದನ್ನೊಂದು ತಿಂದ ಜಾಗ. ಫಿಲ್ಟರ್‌ನಲ್ಲಿ 12 ಡೆಸಿಬೆಲ್ ಏರಿಸಿದರೆ ನೇರ ಬರುವ ಅಲೆಯೂ ಏರುತ್ತದೆ, ಗೋಡೆಯಿಂದ ಬರುವುದೂ ಅಷ್ಟೇ ಏರುತ್ತದೆ, ಹೊಂಡ ಹಾಗೇ ಉಳಿಯುತ್ತದೆ. ಆಂಪ್ಲಿಫಯರ್ ಮಾತ್ರ 16 ಪಟ್ಟು ವಿದ್ಯುತ್ ಸುರಿಯಬೇಕು: 5 ವಾಟ್ ಇದ್ದಲ್ಲಿ 80 ವಾಟ್. ಹೊಂಡಕ್ಕೆ ಮದ್ದು ಸ್ಪೀಕರನ್ನೋ ಕುರ್ಚಿಯನ್ನೋ ಸರಿಸುವುದು. ಪೋರ್ಟ್ ಇರುವ ಚಿಕ್ಕ ಸ್ಪೀಕರ್‌ಗಳಲ್ಲಿ ಪೋರ್ಟ್‌ನ ಕಂಪನಾಂಕಕ್ಕಿಂತ ಕೆಳಗೆ ಏರಿಸುವುದಂತೂ ಕೋನ್ ಹರಿಯಲು ಕೊಟ್ಟ ಆಹ್ವಾನ.

ಉಬ್ಬಿನ ಕಥೆ ಬೇರೆ. 41 ಹರ್ಟ್ಸ್‌ನಲ್ಲಿ 11 ಡೆಸಿಬೆಲ್ ಉಬ್ಬಿದ್ದರೆ ಕೇಂದ್ರ 41, ಗೇನ್ (ಏರಿಸುವ ಇಲ್ಲವೇ ಇಳಿಸುವ ಪ್ರಮಾಣ) ಮೈನಸ್ 9, ಕ್ಯೂ ಸುಮಾರು 6 ಇರುವ ಒಂದು ಪೀಕಿಂಗ್ ಫಿಲ್ಟರ್ (ಒಂದು ಕಂಪನಾಂಕದ ಸುತ್ತ ಮಾತ್ರ ಕೆಲಸ ಮಾಡುವುದು) ಹಾಕಿ. ಕ್ಯೂ ಹೆಚ್ಚಿದಷ್ಟೂ ಫಿಲ್ಟರ್ ಕಿರಿದು. ಉಬ್ಬಿನ ಅಗಲಕ್ಕೆ ಅದನ್ನು ಹೊಂದಿಸಬೇಕು. ಅಗಲ ಕೂಡಿಬಂದರೆ ಎತ್ತರ ಇಳಿಯುವುದಷ್ಟೇ ಅಲ್ಲ, ಸ್ವರ ನಿಂತ ಮೇಲೂ ಎಳೆದಾಡುವ ಗುಂಯ್ ಸದ್ದೂ ಮೊಟಕಾಗುತ್ತದೆ. ಸದ್ದು ಹೊತ್ತು ಕಳೆದಂತೆ ಹೇಗೆ ಇಳಿಯುತ್ತದೆ ಎಂದು ತೋರಿಸುವ ವಾಟರ್‌ಫಾಲ್ ಚಿತ್ರದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಇಂಥ ಮೂರರಿಂದ ಐದು ಫಿಲ್ಟರ್ ಸಾಕು. ತಂತ್ರಾಂಶ ತಾನೇ ಲೆಕ್ಕ ಹಾಕಲಿ ಎಂದಾದರೆ ಈಕ್ವಲೈಜರ್ ಬಗೆಯನ್ನು ‘ಜೆನೆರಿಕ್’ ಎಂದಿಟ್ಟು, ಗರಿಷ್ಠ ಏರಿಕೆಯನ್ನು 0 ಮಾಡಿ. ಸುಮ್ಮನೆ ಬಿಟ್ಟರೆ ಅದೂ ಹೊಂಡ ತುಂಬಲು ಹೊರಡುತ್ತದೆ.

ಗುರಿರೇಖೆ, ಅಂದರೆ ತಿದ್ದಿದ ಮೇಲೆ ಗೆರೆ ಇರಬೇಕಾದ ಆಕಾರ, ಸಪಾಟಾಗಿರಬಾರದು. 200 ಹರ್ಟ್ಸ್‌ಗೆ ಹೋಲಿಸಿದರೆ 30–40ರ ಹತ್ತಿರ 4ರಿಂದ 6 ಡೆಸಿಬೆಲ್ ಏರುವಂತೆ ಇಳಿಜಾರು ಕೊಡಿ. ನೆಟ್ಟಗಿನ ಗೆರೆಗೆ ತಿದ್ದಿ, ‘ಬಾಸೇ ಹೋಯಿತು’ ಎಂದು ಎಲ್ಲವನ್ನೂ ಅಳಿಸಿಹಾಕುವವರು ಬಹಳ.

ಹಂತ 6: ಸ್ಟ್ರೀಮರ್‌ಗೆ ಸೇರಿಸಿ, ಹೋಲಿಸಿ

ಮೂಡ್‌ನ ಪ್ಯಾರಾಮೆಟ್ರಿಕ್ ಈಕ್ವಲೈಜರ್‌ನಲ್ಲೋ (ಕೇಂದ್ರ, ಗೇನ್, ಕ್ಯೂ ಅಂಕಿಗಳನ್ನು ನೀವೇ ಕೊಡುವಂಥದ್ದು) ಅದರೊಳಗಿನ ಕ್ಯಾಮಿಲ್ಲಾ ಡಿಎಸ್‌ಪಿ ಎಂಬ ಫಿಲ್ಟರ್ ತಂತ್ರಾಂಶದಲ್ಲೋ ಅಂಕಿಗಳನ್ನು ಟೈಪ್ ಮಾಡಿ. ಮಾಸ್ಟರ್ ಗೇನ್ ಮೈನಸ್ 3 ಡೆಸಿಬೆಲ್ ಇಡಿ. ಇಂದಿನ ಹಾಡುಗಳು ಮಿತಿಯ ಅಂಚಿಗೇ ತುಂಬಿರುತ್ತವೆ. ಇಳಿಸುವ ಫಿಲ್ಟರ್ ಕೂಡ ಅಲೆಯ ಆಕಾರ ಬದಲಿಸಿ ಒಂದೊಂದು ತುದಿಯನ್ನು ಮಿತಿ ದಾಟಿಸಬಲ್ಲದು. ಕನ್ವಲ್ಯೂಶನ್ ಕಡತ (ಇಡೀ ತಿದ್ದುಪಡಿಯನ್ನು ಒಂದೇ ಸದ್ದಿನ ಕಡತವಾಗಿ ಉಳಿಸಿದ್ದು) ಬಳಸುವವರು ಇನ್ನೊಂದು ಗಮನಿಸಿ: 48 ಕಿಲೊಹರ್ಟ್ಸ್‌ಗೆ ಮಾಡಿದ ಕಡತವನ್ನು 44.1ರ ಹಾಡಿಗೆ ಹಾಗೇ ಹಾಕಿದರೆ 41 ಹರ್ಟ್ಸ್‌ನ ತಿದ್ದುಪಡಿ 38ರ ಹತ್ತಿರ ಹೋಗಿ ಕೂರುತ್ತದೆ. ಪ್ರತಿ ದರಕ್ಕೂ ಬೇರೆ ಕಡತ ಬೇಕು. ಪ್ಯಾರಾಮೆಟ್ರಿಕ್ ಫಿಲ್ಟರ್‌ಗೆ ಈ ಗೋಳಿಲ್ಲ, ಶುರುಮಾಡುವವರಿಗೆ ಅದೇ ಸಾಕು.

ಫಿಲ್ಟರ್ ಹಾಕಿದ ಮೇಲೆ ಮತ್ತೆ ಅಳೆಯಿರಿ. ತಂತ್ರಾಂಶ ಊಹಿಸಿ ತೋರಿಸಿದ ಗೆರೆಯನ್ನೇ ಫಲಿತಾಂಶ ಎಂದುಕೊಳ್ಳಬೇಡಿ. ಬಳಸುವ ಪ್ರತಿ ಸೇವೆಯಿಂದಲೂ ಒಂದು ಹಾಡು ನುಡಿಸಿ, ಫಿಲ್ಟರನ್ನು ಆಫ್ ಮಾಡಿ, ಆನ್ ಮಾಡಿ, ಆ ದಾರಿಯಲ್ಲೂ ಅದು ಕೆಲಸ ಮಾಡುತ್ತಿದೆಯೇ ನೋಡಿ.

ಕಿವಿಯಿಂದ ಹೋಲಿಸುವಾಗ ಎರಡೂ ಕಡೆ ಸದ್ದು ಸಮ ಇರಬೇಕು. ಒಂದು ಡೆಸಿಬೆಲ್ ಜೋರಾದದ್ದು ಯಾವಾಗಲೂ ‘ಚೆನ್ನಾಗಿ’ ಕೇಳಿಸುತ್ತದೆ, ಮೈನಸ್ 3 ಗೇನ್ ಇರುವ ನಿಮ್ಮ ಫಿಲ್ಟರ್ ಸುಮ್ಮನೆ ಸೋಲುತ್ತದೆ. 1,000 ಹರ್ಟ್ಸ್‌ನ ಸದ್ದು ನುಡಿಸಿ, ಸ್ಪೀಕರ್ ತುದಿಗಳಲ್ಲಿ ಮಲ್ಟಿಮೀಟರ್‌ನಿಂದ ಎಸಿ ವೋಲ್ಟೇಜ್ ನೋಡಿ, ಫಿಲ್ಟರ್ ಇಲ್ಲದ ಸೆಟ್ಟಿಂಗನ್ನೂ ಅಷ್ಟೇ ಇಳಿಸಿ. ಅಗ್ಗದ ಮೀಟರ್ 1,000 ಹರ್ಟ್ಸ್‌ನಲ್ಲಿ ನಿಖರವಾಗಿರಲಿಕ್ಕಿಲ್ಲ, ಆದರೆ ಎರಡನ್ನು ಸಮ ಮಾಡಲು ಅಡ್ಡಿಯಿಲ್ಲ.

ಸೋಫಾ ಬದಲಾದರೆ, ಸ್ಪೀಕರ್ ಸರಿದರೆ, ದೊಡ್ಡ ಕಪಾಟು ಬಂದರೆ ಮತ್ತೆ ಅಳೆಯಿರಿ. ಬಾಗಿಲು ತೆರೆದು ಕೇಳುವ ಅಭ್ಯಾಸವಿದ್ದರೆ ತೆರೆದೇ ಅಳೆದು ಇನ್ನೊಂದು ಫಿಲ್ಟರ್ ಉಳಿಸಿಟ್ಟುಕೊಳ್ಳಿ. ಡ್ಯಾಕ್ ಬದಲಿಸಿದರೆ ಏನೂ ಮಾಡಬೇಕಿಲ್ಲ.