ಮಾತು ಮೊದಲು, ಗುಳ್ಳೆ ಆಮೇಲೆ

ಕಾಮಿಕ್ಸ್, ವಿಡಿಯೊ ಗೇಮ್ ಅಂದ್ರೆ ಊಟ ಮರೆಯುವ ಮಕ್ಕಳಿಗಾಗಿ ಶಿವಮೊಗ್ಗದಲ್ಲಿ ಮೂರು ಬೇಸಿಗೆಯಿಂದ ಶಿಬಿರ ನಡೆಸುತ್ತಿದ್ದೇನೆ. ಎರಡೇ ದಿನ. ಮೊದಲ ದಿನ ಕಾಮಿಕ್ಸ್, ಮರುದಿನ ಗೇಮ್.

ಮೊದಲ ವರ್ಷ ಒಂದು ಗಂಟೆ ಸ್ಲೈಡ್ ತೋರಿಸಿ ಪಾಠ ಮಾಡಿದೆ. ಆಮೇಲೆ ಬಿಡಿಸಿ ಅಂದರೆ, ಎಲ್ಲರ ಹಾಳೆಯಲ್ಲೂ ಅವರವರ ಮೆಚ್ಚಿನ ಹೀರೊ ಎದೆ ಉಬ್ಬಿಸಿ ನಿಂತಿದ್ದ. ಚಿತ್ರ ಚೆನ್ನಾಗಿತ್ತು, ಕಥೆ ಇರಲಿಲ್ಲ. ಹಾಗಂತ ಆ ಹೀರೊನನ್ನು ಬಿಡು, ಸ್ವಂತ ಪಾತ್ರ ಮಾಡು ಅಂದರೆ ಮಕ್ಕಳು ಪೆನ್ಸಿಲ್ ಕೆಳಗಿಡುತ್ತಾರೆ. ಆ ಪ್ರೀತಿಯಿಂದಲೇ ಅಲ್ವಾ ಅವರು ಬಂದದ್ದು? ಈಗ ಹೀರೊ ಯಾರಾದರೂ ಇರಲಿ ಅನ್ನುತ್ತೇನೆ. ಆದರೆ ಅವನಿಗೆ ಕೊನೇ ಬಸ್ಸು ತಪ್ಪಿದೆ. ಮುಂದೇನು?

ಒಂದು ಎ4 ಹಾಳೆಯನ್ನು ಮೂರು ಸಲ ಮಡಚಿ ಬಿಚ್ಚಿದರೆ ಎಂಟು ಮನೆ. ನಟ್ಟನಡುವೆ ಒಂದೇ ಕತ್ತರಿ ಹಾಕಿ ಮತ್ತೆ ಮಡಚಿದರೆ ಎಂಟು ಪುಟದ ಪುಸ್ತಕ. ರಕ್ಷಾಪುಟ ಎರಡು ಬಿಟ್ಟರೆ ಕಥೆಗೆ ಆರು ಪುಟ, ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ.

ಜಾಸ್ತಿ ಹೊತ್ತು ಹೋಗುವುದು ಮಾತಿನ ಗುಳ್ಳೆಗೆ. ಮಕ್ಕಳು ಮೊದಲು ಗುಳ್ಳೆ ಬಿಡಿಸುತ್ತಾರೆ, ಆಮೇಲೆ ಅದರೊಳಗೆ ಮಾತು ತುರುಕುತ್ತಾರೆ. ಕನ್ನಡದಲ್ಲಿ ಇದು ನಡೆಯುವುದೇ ಇಲ್ಲ. ಇಂಗ್ಲಿಷ್ ಕಾಮಿಕ್ಸ್‌ನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ನಮ್ಮಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ. ‘ಸ್ತ್ರೀ’ ಅಂತ ಬರೆದು ಅದರ ಕೆಳಗೆ ಇನ್ನೊಂದು ಸಾಲು ಬರೆದು ನೋಡಿ, ಎರಡೂ ಡಿಕ್ಕಿ ಹೊಡೆಯುತ್ತವೆ. ‘ಹೊರಟುಹೋಗುತ್ತಿದ್ದೇನೆ’ ಅನ್ನುವ ಒಂದೇ ಪದ ಗುಳ್ಳೆಯ ಅಗಲವನ್ನೆಲ್ಲ ನುಂಗುತ್ತದೆ. ಅದಕ್ಕೇ ಮಾತು ಮೊದಲು, ಸುತ್ತ ಗುಳ್ಳೆ ಆಮೇಲೆ, ಉಳಿದ ಜಾಗದಲ್ಲಿ ಚಿತ್ರ. ‘ಹೊರಟೆ’ ಅಂದರೆ ಸಾಕಲ್ವಾ ಅಂತ ಅವರಿಗೇ ಹೊಳೆಯುತ್ತದೆ.

ಗೇಮ್ ದಿನ ಬೆಳಿಗ್ಗೆ ಕಂಪ್ಯೂಟರ್ ಮುಟ್ಟುವುದಿಲ್ಲ. ನೆಲದ ಮೇಲೆ ಚೌಕಾಬಾರ ಬರೆಯುತ್ತೇವೆ: ಐದಕ್ಕೈದು ಮನೆ, ನಾಲ್ಕು ಕವಡೆ. ಒಂದು ಆಟ ಆಡಿದ ಮೇಲೆ ಪ್ರತಿ ಗುಂಪೂ ಒಂದೇ ಒಂದು ನಿಯಮ ಬದಲಿಸಬೇಕು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಅನ್ನುವ ನಿಯಮವನ್ನು ಒಂದು ಗುಂಪು ತೆಗೆದುಹಾಕಿತು. ಆಟ ಸುಲಭವಾಯಿತು, ಕೂಡಲೇ ಸಪ್ಪೆಯೂ ಆಯಿತು. ಯಾರೂ ಯಾರ ತಂಟೆಗೂ ಹೋಗಲಿಲ್ಲ, ಸುಮ್ನೆ ಸುತ್ತು ಹಾಕಿದರು. ಒಂದು ಸಾಲಿನ ನಿಯಮ ಆಡುವವರ ನಡತೆಯನ್ನೇ ಬದಲಿಸಿದ್ದನ್ನು ಮಕ್ಕಳು ಕಣ್ಣಾರೆ ಕಂಡರು. ಇದಕ್ಕಿಂತ ಒಳ್ಳೆಯ ಪಾಠ ನನ್ನ ಹತ್ತಿರ ಇಲ್ಲ.

ಮಧ್ಯಾಹ್ನ ಸ್ಕ್ರ್ಯಾಚ್. ಮಕ್ಕಳೇ ಗೇಮ್ ಕಟ್ಟಲೆಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಹೊರತಂದ ಉಚಿತ ತಂತ್ರಾಂಶ, ಇನ್‌ಸ್ಟಾಲ್ ಮಾಡಿಕೊಂಡರೆ ನೆಟ್ ಬೇಡ. ನೆಗೆತಕ್ಕೆ ‘ವೇಗ’ ಅಂತ ಒಂದು ವೇರಿಯೇಬಲ್, ಅಂದರೆ ಬದಲಾಗುವ ಅಂಕಿಯನ್ನು ಇಡುವ ಡಬ್ಬಿ, ಸಾಕು. ಕೀಲಿ ಒತ್ತಿದಾಗ ಅದು 12. ಆಮೇಲೆ ಪ್ರತಿ ಸುತ್ತಿಗೂ ಪಾತ್ರವನ್ನು ಅಷ್ಟು ಮೇಲಕ್ಕೆ ಸರಿಸಿ, ವೇಗದಿಂದ 1 ಕಳೆಯಬೇಕು. ವೇಗ ಸೊನ್ನೆಗಿಂತ ಕಡಿಮೆಯಾದಾಗ ಪಾತ್ರ ಕೆಳಗಿಳಿಯುತ್ತದೆ. 1ರ ಬದಲು 0.5 ಕಳೆದರೆ ಹೀರೊ ಚಂದ್ರನ ಮೇಲಿದ್ದಂತೆ ತೇಲುತ್ತಾನೆ. 2 ಕಳೆದರೆ ಅಕ್ಕಿಮೂಟೆ ಹೊತ್ತವನ ಹಾಗೆ ದೊಪ್ಪನೆ ಬೀಳುತ್ತಾನೆ. ಈ ಅಂಕಿಯ ಜೊತೆ ಆಡುತ್ತಾ ಮಕ್ಕಳು ಅರ್ಧ ಗಂಟೆ ಕಳೆಯುತ್ತಾರೆ. ನಾನು ತಡೆಯುವುದಿಲ್ಲ.

ಕೊನೆಗೆ ಒಂದೇ ಷರತ್ತು. ನಿನ್ನ ಗೇಮ್ ಬೇರೆಯವರು ಆಡುವಾಗ ನೀನು ಬಾಯಿ ಬಿಡುವಂತಿಲ್ಲ.

ಈ ವರ್ಷ ಒಬ್ಬ ಹುಡುಗ ಮುಳ್ಳಿನ ಹೊಂಡ ದಾಟುವ ಗೇಮ್ ಮಾಡಿದ್ದ. ಆಡಲು ಕೂತ ಪುಟ್ಟ ಹುಡುಗಿಗೆ ನೆಗೆಯಬಹುದು ಅಂತಲೇ ಗೊತ್ತಾಗಲಿಲ್ಲ. ಮತ್ತೆ ಮತ್ತೆ ಬಿದ್ದಳು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ, ಕಣ್ಣಲ್ಲಿ ನೀರು. ಆಗ 1985ರ ಸೂಪರ್ ಮಾರಿಯೊ ಬ್ರದರ್ಸ್‌ನ ಮೊದಲ ಹಂತ ಹಾಕಿ ತೋರಿಸಿದೆ. ಮಾರಿಯೊ ಎಡಗಡೆ ನಿಂತಿರುತ್ತಾನೆ, ಬಲಗಡೆ ದಾರಿ ಖಾಲಿ. ಸ್ವಲ್ಪ ಮುಂದೆ ಗೂಂಬಾ ಅನ್ನುವ ಅಣಬೆಯಂಥ ಶತ್ರು ಎದುರಿಗೆ ಬರುತ್ತದೆ. ನೆಗೆ ಅಂತ ಎಲ್ಲೂ ಬರೆದಿಲ್ಲ. ತಾಗಿ ಸತ್ತರೂ ಮತ್ತೆ ಶುರುವಾಗುವುದು ಅಲ್ಲೇ, ಕಳೆದುಕೊಳ್ಳುವುದು ಕೆಲವು ಸೆಕೆಂಡು ಮಾತ್ರ.

ಅವನು ಏನೂ ಹೇಳದೆ ಹೋಗಿ ಕೂತ. ಹೊಂಡಕ್ಕಿಂತ ಮುಂಚೆ ದಾರಿಗೆ ಅಡ್ಡವಾಗಿ ಒಂದು ಕಲ್ಲು ಇಟ್ಟ. ತಾಗಿದರೆ ಸಾಯುವುದಿಲ್ಲ, ಆದರೆ ನೆಗೆಯದೆ ಮುಂದೆ ಹೋಗಲಾಗದು. ಆ ಹುಡುಗಿಯನ್ನೇ ಮತ್ತೆ ಕರೆಯಲಾ ಅಂತ ಕೇಳಿದೆ.

“ಬೇಡ ಸರ್, ಅವಳಿಗೆ ಈಗ ಗೊತ್ತಾಗಿಬಿಟ್ಟಿದೆ. ಹೊಸಬರು ಬೇಕು” ಅಂದ.

ಹೊರಗೆ ಓಡಿ, ಕರೆದುಕೊಂಡು ಹೋಗಲು ಬಂದಿದ್ದ ಅಪ್ಪನ ಕೈ ಹಿಡಿದು ತಂದು ಕೂರಿಸಿದ. ತಾನು ಹಿಂದೆ ನಿಂತು ಮತ್ತೆ ಬಾಯಿ ಮುಚ್ಚಿಕೊಂಡ.